ಸಕ್ಕರೆ ಇಳಿದಾಗ

ಮಧುಮೇಹವೆಂಬ ಹೆಸರು ಆಯುರ್ವೇದದ ಹಳೆಯ ಸಂಹಿತೆಗಳಲ್ಲಿಯೇ ಇದೆ. ಮೂತ್ರ ಜೇನಿನಂತೆ ಸಿಹಿಯಾಗುವುದನ್ನು ಕಂಡವರು ಇಟ್ಟ ಹೆಸರದು. ಆದರೆ ಆ ರೋಗಿಯ ರಕ್ತದಲ್ಲಿ ಸಕ್ಕರೆ ತೀರ ಇಳಿದುಹೋಗುವ ಸ್ಥಿತಿಗೆ, ಪದಗಳ ಬೆನ್ನು ಹತ್ತುವ ನನ್ನಂಥವನಿಗೂ ಹಳೆಯ ಹೆಸರೊಂದು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆ ಸಂಕಟ ಬಂದುದೇ ಮದ್ದಿನ ಬೆನ್ನಿಗೆ.

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ, ಮೆಕ್ಲಾಯ್ಡ್ ಅವರ ಪ್ರಯೋಗಶಾಲೆಯಲ್ಲಿ, ಬ್ಯಾಂಟಿಂಗ್ ಮತ್ತು ಬೆಸ್ಟ್ ಮೇದೋಜೀರಕ ಗ್ರಂಥಿಯಿಂದ ರಸ ತೆಗೆದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. ಆ ರಸವನ್ನು ಚುಚ್ಚಿದ ಮೊಲಗಳು ಸೆಳೆತ ಬಂದು ಬಿದ್ದವು. ಗ್ಲೂಕೋಸ್ ಕೊಟ್ಟರೆ ಚೇತರಿಸಿಕೊಂಡವು. ಇನ್ಸುಲಿನ್ನಿನ ‘ಯೂನಿಟ್’ ಎಂಬ ಅಳತೆಯನ್ನು ಮೊದಲು ಗೊತ್ತುಮಾಡಿದ್ದೂ ಹೀಗೆ ಮೊಲದ ಸಕ್ಕರೆ ಎಷ್ಟು ಇಳಿಯಿತೆಂದು ನೋಡಿಯೇ! 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಈ ಮದ್ದು ಕೊಟ್ಟರು. ಅದುವರೆಗೆ ಅಂಥ ಮಕ್ಕಳು ಬದುಕುತ್ತಿರಲಿಲ್ಲವೆಂಬುದನ್ನು ನೀವು ಮರೆಯಬಾರದು.

ಲಂಡನ್ನಿನ ವೈದ್ಯ ಆರ್. ಡಿ. ಲಾರೆನ್ಸ್ ಸ್ವತಃ ಈ ರೋಗಿ. ಸಾವನ್ನು ಎದುರುನೋಡುತ್ತ ಇಟಲಿಯ ಫ್ಲಾರೆನ್ಸಿನಲ್ಲಿದ್ದವರು 1923ರಲ್ಲಿ ಮದ್ದಿನ ಸುದ್ದಿ ತಿಳಿದು ಹಿಂದಿರುಗಿ ಬದುಕಿದರು. ದೇಹಶ್ರಮವು ಇನ್ಸುಲಿನ್ನಿನ ಬಲವನ್ನು ಹೆಚ್ಚಿಸಿ ಸಕ್ಕರೆಯನ್ನು ಮತ್ತಷ್ಟು ಇಳಿಸುತ್ತದೆಂದು ಅವರು 1926ರಲ್ಲಿ ತೋರಿಸಿಕೊಟ್ಟರು.

ಆರೋಗ್ಯವಂತರಲ್ಲಿ ಸಕ್ಕರೆ ಇಳಿದರೆ ಗ್ಲೂಕಗಾನ್ ಎಂಬ ಹಾರ್ಮೋನು ಏರಿ ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತದೆ. ಒಂದನೆಯ ಬಗೆಯ ಮಧುಮೇಹಿಗಳಲ್ಲಿ ಈ ಕಾವಲುಗಾರ ಏಳುವುದಿಲ್ಲವೆಂದು 1973ರಲ್ಲಿ ಗೆರಿಕ್ ಮತ್ತು ಸಂಗಡಿಗರು ಪ್ರಕಟಿಸಿದರು. ಅಮೆರಿಕ ಮತ್ತು ಕೆನಡಾಗಳಲ್ಲಿ 1441 ಜನರ ಮೇಲೆ ನಡೆದು 1993ರಲ್ಲಿ ಮುಗಿದ ದೊಡ್ಡ ಪರೀಕ್ಷೆಯಂತೂ ವೈದ್ಯರನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಮೂತ್ರಪಿಂಡ, ನರಗಳು ಉಳಿಯುತ್ತವೆ, ನಿಜ. ಆದರೆ ಸಕ್ಕರೆಯ ತೀವ್ರ ಇಳಿತ ಸುಮಾರು ಮೂರು ಪಟ್ಟಾಯಿತು.

ನನ್ನ ತರಗತಿಯ ಹುಡುಗನೊಬ್ಬ ಒಮ್ಮೆ ಪದ್ಯ ಓದುತ್ತ ತಡವರಿಸಿ, ಏನೇನೋ ಅಂದ. ಹುಡುಗಾಟವೆಂದು ಗದರಿದೆ. ಪಕ್ಕದವನು ಅವನ ಬಾಯಿಗೆ ಗ್ಲೂಕೋಸ್ ಪುಡಿ ಹಾಕಿದಾಗಲೇ ನನಗೆ ತಿಳಿದದ್ದು. “ನಿನಗೆ ಮೊದಲೇ ಗೊತ್ತಾಗಲಿಲ್ಲವೇನೋ?” ಎಂದೆ. “ಇಲ್ಲ ಸಾರ್, ಈಗೀಗ ಗೊತ್ತೇ ಆಗೋದಿಲ್ಲ” ಎಂದ.

ಅವನ ಮಾತು ಸುಳ್ಳಲ್ಲ. ಬೆವರು, ನಡುಕ, ಎದೆಬಡಿತ ದೇಹ ಕೊಡುವ ಮುನ್ಸೂಚನೆಗಳು. ಒಮ್ಮೆ ಸಕ್ಕರೆ ಇಳಿದರೆ ಮುಂದಿನ ಸಲದ ಸೂಚನೆ ಮಂಕಾಗುತ್ತದೆಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ಫಿಲಿಪ್ ಕ್ರಾಯರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ತೋರಿಸಿದರು. ಕೆಲವು ವಾರಗಳ ಕಾಲ ಇಳಿತವನ್ನು ಕಟ್ಟುನಿಟ್ಟಾಗಿ ತಪ್ಪಿಸಿದರೆ ಕಳೆದುಹೋದ ಸೂಚನೆ ಬಹುಮಟ್ಟಿಗೆ ಮರಳುತ್ತದೆಂದು ಅದೇ ವರ್ಷಗಳಲ್ಲಿ ಇಟಲಿ, ಲಂಡನ್ ಮತ್ತು ಸೇಂಟ್ ಲೂಯಿಸ್‌ಗಳಿಂದ ವರದಿಯಾಯಿತು.

ಹುಡುಗನ ವೈದ್ಯರು ಅವನ ಮದ್ದಿನ ಪ್ರಮಾಣವನ್ನು ತಿದ್ದಿದರು. ಈಗ ಕೈ ನಡುಗಿದೊಡನೆ ಅವನೇ ಎದ್ದು ನಿಲ್ಲುತ್ತಾನೆ. ಗ್ಲೂಕೋಸಿನ ಪೊಟ್ಟಣ ನನ್ನ ಮೇಜಿನ ಖಾನೆಯಲ್ಲಿ, ಸೀಮೆಸುಣ್ಣದ ಪಕ್ಕದಲ್ಲಿದೆ.