ಕಾಕಂಬಿಯಿಂದ ಎಥನಾಲ್

ಸಕ್ಕರೆ ಹರಳು ಬೇರ್ಪಟ್ಟ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ನೀರು ಬೆರೆಸಿ ತೆಳುವಾಗಿಸಿ ಯೀಸ್ಟ್ ಹಾಕಿದರೆ ಒಂದೆರಡು ದಿನಗಳಲ್ಲಿ ಅದರ ಸಕ್ಕರೆಯಂಶ ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹುದುಗಿದ ದ್ರವವನ್ನು ಎಷ್ಟೇ ಭಟ್ಟಿ ಇಳಿಸಿದರೂ ಶುದ್ಧತೆ ಸುಮಾರು ಶೇ. 95ಕ್ಕೆ ನಿಲ್ಲುತ್ತದೆ. ಹಟಮಾರಿಯಾದ ಆ ಕೊನೆಯ ನೀರನ್ನು ಜಿಯೋಲೈಟ್ ಹರಳುಗಳು ಹೀರಿಕೊಂಡ ಮೇಲಷ್ಟೇ ಎಥನಾಲ್ ಪೆಟ್ರೋಲಿಗೆ ಸೇರಬಲ್ಲದು.

ಮದ್ಯ, ಔಷಧ, ಸ್ಯಾನಿಟೈಸರ್, ಬಣ್ಣ, ಎಲ್ಲಕ್ಕೂ ಎಥನಾಲ್ ಬೇಕು. ಇಂಧನವಾಗಿಯೂ ಹೊಸದಲ್ಲ: ಪೆಟ್ರೋಲಿಗೆ ಬೆರೆಸಲು ಭಾರತ 1948ರಲ್ಲೇ ಕಾಯ್ದೆ ಮಾಡಿತ್ತು. ಈಗ ಮಿಶ್ರಣ ಶೇ. 20ಕ್ಕೆ ಏರಿದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯಲ್ಲಿ ಕಾರ್ಖಾನೆಗಳಿಗೆ ಇದು ಎರಡನೆಯ ಆದಾಯ; ಆದರೆ ಕಬ್ಬು ನೀರು ಕುಡಿಯುವ ಬೆಳೆ. ಭಟ್ಟಿಯಿಂದ ಹೊರಬೀಳುವ ಕಂದು ತ್ಯಾಜ್ಯನೀರು ಎಥನಾಲ್‌ಗಿಂತ ಹಲವು ಪಟ್ಟು ಹೆಚ್ಚು. ಸಂಸ್ಕರಿಸದೆ ಹಳ್ಳಕ್ಕೆ ಬಿಟ್ಟರೆ ಮೀನುಗಳು ಸಾಯುತ್ತವೆ.