ಕಲ್ನಾರಿನ ಊರಿನ ಶ್ವಾಸಕೋಶಗಳು
ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಎಂಬ ಹೆಸರಿನದೇ ಒಂದು ಊರಿತ್ತು. 1949ರಲ್ಲಿ ಅಲ್ಲಿನ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಕೂಲಿಯ ಜೊತೆಗೆ ಧೂಳಿನ ಹತೋಟಿಯನ್ನೂ ಕೇಳಿದ್ದರು. ಅಗೆದದ್ದು ಕ್ರಿಸೊಟೈಲ್, ಅಂದರೆ ಬಿಳಿ ಕಲ್ನಾರು. ಆದರೆ ಕ್ವಿಬೆಕ್‌ನ ಗಣಿಗಳಲ್ಲಿ ದುಡಿದು ಸತ್ತವರ ಶ್ವಾಸಕೋಶಗಳನ್ನು ಪರೀಕ್ಷಿಸಿದಾಗ, ಅದಿರಿನಲ್ಲಿ ಅತ್ಯಲ್ಪವಾಗಿದ್ದ ಟ್ರೆಮೊಲೈಟ್ ಎಳೆಗಳೇ ಎಷ್ಟೋ ಮಂದಿಯಲ್ಲಿ ಹೆಚ್ಚು ಸಿಕ್ಕವು. ಕ್ರಿಸೊಟೈಲ್ ಎಲ್ಲಿ ಹೋಯಿತು? ಸುರುಳಿಯಾದ ಆ ಎಳೆಯಿಂದ ಮೆಗ್ನೀಸಿಯಂ ಕರಗಿಹೋಗುತ್ತದೆ, ಎಳೆ ಸೀಳಿ ತುಂಡಾಗುತ್ತದೆ. ಗಿಡ್ಡ ತುಂಡುಗಳನ್ನು ಶ್ವಾಸಕೋಶದ ಭಕ್ಷಕ ಜೀವಕೋಶಗಳು ನುಂಗಿ ಸಾಗಿಸುತ್ತವೆ. ಸೂಜಿಯಂಥ ಟ್ರೆಮೊಲೈಟ್ ದಶಕಗಟ್ಟಲೆ ಉಳಿಯುತ್ತದೆ.

ಬೇಗ ತೊಲಗುವುದಾದರೆ ಬಿಳಿ ಕಲ್ನಾರು ನಿರಪಾಯಕಾರಿ ತಾನೇ ಎಂಬುದು ಉದ್ಯಮದ ನೆಚ್ಚಿನ ವಾದ. ಅದರಲ್ಲಿ ಅರ್ಧ ಸತ್ಯವಿದೆ: ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್ ಆದ ಮೀಸೊಥೀಲಿಯೋಮಾ ತರುವುದರಲ್ಲಿ ನೀಲಿ ಕಲ್ನಾರು ಹೆಚ್ಚು ಘಾತುಕ. ಆದರೆ ಕೊನೆಗೆ ಉಳಿದ ಎಳೆಗಳ ಎಣಿಕೆ, ಬದುಕಿಡೀ ಉಸಿರಾಡಿದ್ದರ ಲೆಕ್ಕವಲ್ಲ. ದಿನವೂ ಹೊಸ ಧೂಳು ಸೇರುವಲ್ಲಿ ಹಳೆಯದು ಹೋಯಿತೆಂಬ ಸಮಾಧಾನಕ್ಕೆ ಬೆಲೆಯೇನು? ಬಹುತೇಕ ಕ್ರಿಸೊಟೈಲನ್ನೇ ಬಳಸಿದ ಜವಳಿ ಕಾರ್ಖಾನೆಗಳಲ್ಲೂ ಶ್ವಾಸಕೋಶದ ಕ್ಯಾನ್ಸರ್ ಕಾಣಿಸಿಕೊಂಡಿತು. ಕೆನಡಾ 2018ರಲ್ಲಿ ಕಲ್ನಾರನ್ನು ನಿಷೇಧಿಸಿತು. ಆದರೆ ಭಾರತ ಚಾವಣಿ ಶೀಟುಗಳಿಗಾಗಿ ಆಮೇಲೂ ಆಮದು ಮಾಡಿಕೊಳ್ಳುತ್ತಲೇ ಬಂದಿದೆ.