ಸೊಸೆಯನ್ನು ಯಾರೂ ಕೇಳಲಿಲ್ಲ

ಮಹಾಭಾರತದ ಆದಿಪರ್ವದಲ್ಲಿ ಯಯಾತಿ ತನ್ನ ಮುಪ್ಪನ್ನು ಮಗ ಪೂರುವಿಗೆ ಕೊಟ್ಟು ಅವನ ಯೌವನ ಪಡೆಯುವಾಗ ಮಾತು ನಡೆಯುವುದು ತಂದೆ ಮಗನ ನಡುವೆ. ಪೂರುವಿಗೆ ಹೆಂಡತಿ ಇದ್ದಳೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಮುಂದೆ ವಂಶಾವಳಿ ಹೇಳುವಾಗ ಒಂದು ಕಡೆ ಪೌಷ್ಟಿ, ಇನ್ನೊಂದು ಕಡೆ ಕೌಸಲ್ಯೆ ಎಂಬ ಹೆಸರು ಬರುತ್ತದೆ, ಅದೂ ಮಕ್ಕಳನ್ನು ಹೆತ್ತ ಲೆಕ್ಕಕ್ಕೆ. ಸಾವಿರ ವರ್ಷ ಕಳೆದ ಮೇಲೆ ಯೌವನ ಹಿಂತಿರುಗುತ್ತದೆ, ಪೂರುವಿಗೆ ಪಟ್ಟವಾಗುತ್ತದೆ. ಎಲ್ಲ ಸುಖಾಂತ.

1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದ ಗಿರೀಶ ಕಾರ್ನಾಡರ ‘ಯಯಾತಿ’ ಈ ವ್ಯವಹಾರದ ನಡುವೆ ಒಬ್ಬ ಮದುಮಗಳನ್ನು ತಂದು ನಿಲ್ಲಿಸಿತು. ಅವಳು ಚಿತ್ರಲೇಖೆ. ನಾಟಕ ಬರೆದಾಗ ಕಾರ್ನಾಡರು ಇಪ್ಪತ್ತೆರಡರ ಆಸುಪಾಸಿನ ತರುಣ, ಆಕ್ಸ್‌ಫರ್ಡಿಗೆ ಹೊರಟು ನಿಂತವರು. ತನ್ನ ಭವಿಷ್ಯವನ್ನೇ ಬಲಿ ಕೇಳುವವರ ಮೇಲಿನ ಸಿಟ್ಟು ಅದರಲ್ಲಿ ಇಳಿದಿತ್ತೆಂದು ಮುಂದೆ ಅವರೇ ಬರೆದರು. ಆ ಮಾತಿನ ಬಲದಿಂದ ನಾವು ‘ಯಯಾತಿ’ಯನ್ನು ಮಗನ ದುರಂತವೆಂದೇ ಓದುತ್ತ ಬಂದಿದ್ದೇವೆ. ಆದರೆ ಪೂರು ಒಪ್ಪಿ ಕೊಟ್ಟವನು. ಚಿತ್ರಲೇಖೆಯನ್ನು ಯಾರೂ ಕೇಳಲಿಲ್ಲ.

ನಮ್ಮ ರಂಗಭೂಮಿಗೆ ನಿರಪರಾಧಿ ಹೆಣ್ಣಿನ ಸಾವು ಮೊದಲಿನಿಂದಲೂ ಜೀರ್ಣವಾಗದ ತುತ್ತು. 1889ರಲ್ಲಿ ಆನಂದರಾಯರು ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕವನ್ನು ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ತಂದಾಗ ಸತ್ತ ಪ್ರೇಮಿಗಳು ದೈವಕೃಪೆಯಿಂದ ಎದ್ದು ಕೂತರು. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ 1929ರಲ್ಲಿ ಗ್ರೀಕ್ ಮಾದರಿಯ ರುದ್ರನಾಟಕವನ್ನು ಧೈರ್ಯವಾಗಿ ತಂದಿತು, ನಿಜ. ಅಲ್ಲಿ ಸಾಯುವವನು ವೀರ. ಹೆಂಡತಿ ಭಾರ್ಗವಿಯ ಪಾಲಿಗೆ ಉಳಿದದ್ದು ಬೇಡಿಕೊಳ್ಳುವುದು, ಆಮೇಲೆ ಅಳುವುದು.

ಚಿತ್ರಲೇಖೆ ಆ ಸಾಲಿನವಳಂತೆಯೇ ಆರಂಭಿಸುತ್ತಾಳೆ. ಗಂಡನ ತ್ಯಾಗ ಕೇಳಿ ಹೆಮ್ಮೆಪಡುತ್ತಾಳೆ. ದೀಪದ ಬೆಳಕಿನಲ್ಲಿ ಅವನ ಮುದಿಮುಖ ಕಂಡೊಡನೆ ಕಿರುಚಿ, ಅವನನ್ನು ಕೋಣೆಯಿಂದ ಹೊರಗೆ ಕಳಿಸುತ್ತಾಳೆ. ಸೊಸೆಗೆ ಬುದ್ಧಿ ಹೇಳಲು ಮಾವ ಬರುತ್ತಾನೆ. ಮಗನಿಂದ ಪಡೆದ ಪ್ರಾಯ ಮೈಮೇಲೆ ಇದ್ದಂತೆಯೇ ಬರುತ್ತಾನೆ! ಅವಳು ಅವನದೇ ತರ್ಕವನ್ನು ಅವನ ಮುಂದಿಡುತ್ತಾಳೆ: ನಾನು ವರಿಸಿದ್ದು ಪೂರುವಿನ ಯೌವನವನ್ನು, ಅದೀಗ ನಿಮ್ಮಲ್ಲಿದೆ, ಹಾಗಾದರೆ ನನ್ನನ್ನೂ ನೀವೇ ಸ್ವೀಕರಿಸಿ. ಯಯಾತಿ ಬೆಚ್ಚುತ್ತಾನೆ. ಧರ್ಮ ಅವನಿಗೆ ನೆನಪಾಗುವುದು ಆಗ.

ಈ ಮಾತಿಗಾಗಿ ಅವಳ ಮುಗ್ಧತೆಯನ್ನೇ ಅನುಮಾನಿಸುವವರಿದ್ದಾರೆ. ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಮುಗ್ಧೆ ಎಂದರೆ ಏನೂ ತಿಳಿಯದವಳು, ನಿರಪರಾಧಿ ಎಂದರೆ ತಪ್ಪು ಮಾಡದವಳು. ಎರಡನ್ನೂ ಒಂದೇ ಎಂದುಕೊಳ್ಳುವ ಅಭ್ಯಾಸ ನಮಗೆ ನಾಟಕಗಳಿಂದಲೇ ಬಂದಿರಬೇಕು. ಒಫೀಲಿಯಾ ಹುಚ್ಚಿಯಾಗುತ್ತಾಳೆ, ಡೆಸ್ಡಿಮೋನಾ ಸಾಯುವಾಗಲೂ ಕೊಂದ ಗಂಡನ ಹೆಸರು ಹೇಳುವುದಿಲ್ಲ, ಆದ್ದರಿಂದ ಅವರ ಬಗ್ಗೆ ಮರುಕಪಡುವುದು ಸುಲಭ. ಚಿತ್ರಲೇಖೆ ಪೂರ್ತಿ ಎಚ್ಚರದಲ್ಲಿದ್ದು ಲೆಕ್ಕ ಕೇಳುತ್ತಾಳೆ. ಉತ್ತರ ಸಿಗದೆ ವಿಷ ಕುಡಿಯುತ್ತಾಳೆ. ಆ ವಿಷವೂ ಅವಳದಲ್ಲ, ಶರ್ಮಿಷ್ಠೆ ತನಗೆಂದು ಇಟ್ಟುಕೊಂಡಿದ್ದದ್ದು. ಯಯಾತಿ ಶರ್ಮಿಷ್ಠೆಯ ಕೈ ಹಿಡಿದು ತಡೆದಿದ್ದ, ಇಡೀ ಅನಾಹುತ ಶುರುವಾದದ್ದು ಆ ಕೈಹಿಡಿತದಿಂದ. ಸೊಸೆಯ ಕೈಯನ್ನು ತಡೆಯುವುದು ಅವನಿಂದ ಆಗಲಿಲ್ಲ.

ಮಹಾಭಾರತದ ಸಾವಿರ ವರ್ಷ ಇಲ್ಲಿ ಕೆಲವೇ ಗಂಟೆಗಳಿಗೆ ಇಳಿಯುತ್ತದೆ. ಅಲ್ಲಿ ಯಯಾತಿಗೆ ಅರಿವು ಮೂಡಲು ಭೋಗದ ದಣಿವು ಸಾಕಾಗಿತ್ತು. ಇಲ್ಲಿ ಒಂದು ಹೆಣ ಬೇಕಾಯಿತು. ಅವನು ಮುಪ್ಪನ್ನು ಮರಳಿ ಪಡೆದು ಶರ್ಮಿಷ್ಠೆಯೊಡನೆ ಕಾಡಿಗೆ ಹೊರಡುತ್ತಾನೆ. ಯೌವನ ಮರಳಿದ ಪೂರು ಇದಕ್ಕೆಲ್ಲ ಏನರ್ಥವೆಂದು ದೇವರನ್ನು ಕೇಳುತ್ತಾನೆ. ಆ ಪ್ರಶ್ನೆಯನ್ನು ನಾವು ಅಸ್ತಿತ್ವವಾದದ ಖಾತೆಗೆ ಬರೆದುಕೊಂಡಿದ್ದೇವೆ. ಅವನ ಪಕ್ಕದಲ್ಲಿ ಮಲಗಿರುವವಳನ್ನು ನೋಡಿದರೆ ಅದು ಇನ್ನೂ ಸರಳವಾದ ಪ್ರಶ್ನೆ.

ಜೆ.ಪಿ. ನಗರದಲ್ಲಿ ಬಹುಕಾಲ ನೆಲೆಸಿದ್ದ ಕಾರ್ನಾಡರು ಸುಮಾರು ಐದು ದಶಕಗಳ ನಂತರ ಈ ನಾಟಕವನ್ನು ಇಂಗ್ಲಿಷಿಗೆ ತಂದರು, ತರುವಾಗ ತಿದ್ದಿದರು. ಅದು 2008ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಚಿತ್ರಲೇಖೆ ಬದುಕುವುದಿಲ್ಲ.